ಇಸ್ತ್ರಿ ದೊಡ್ಡಮ್ಮನ ಬಾಯಿ

ಈ ದೊಡ್ಡ ಮನೆ ನೋಡಲು ಬರುವವರು ಟಿಕೆಟ್ ಕೈಗೆ ಬಂದ ಕೂಡಲೇ ಕೇಳುವುದು ಒಂದೇ ಮಾತು. "ಮೇಡಂ, ಸುರಂಗ ಎಲ್ಲಿದೆ?" ಆಳೆತ್ತರದ ಕನ್ನಡಿಗಳಿವೆ, ಒಂದು ಮದುವೆ ಪಂಗ್ತಿಯೇ ಕೂರಬಹುದಾದಂಥ ಊಟದ ಮೇಜಿದೆ, ಚಾವಣಿ ತುಂಬ ಚಿನ್ನದ ಬಣ್ಣದ ಬಳ್ಳಿಗಳಿವೆ. ಊಹೂಂ, ಅದೆಲ್ಲ ಯಾರಿಗೂ ಬೇಡ. ಅವರ ಕಲ್ಪನೆಯ ಸುರಂಗದಲ್ಲಿ ಯಾರೋ ಯಜಮಾನ ಪ್ರಾಣ ಉಳಿಸಿಕೊಳ್ಳಲು ಓಡಿಹೋಗಿರಬೇಕು, ಯಾರೋ ಯಜಮಾನಿ ಕದ್ದುಮುಚ್ಚಿ ಯಾರನ್ನೋ ನೋಡಲು ಹೋಗಿರಬೇಕು. "ಪ್ರಾಣ ಉಳಿಸಿಕೊಳ್ಳೋಕೆ ಓಡಿದವರು ಯಾರೂ ಇಲ್ಲಪ್ಪ, ಊಟ ಆರಿಹೋಗುತ್ತೆ ಅಂತ ಓಡಿದವರು ಬೇಕಾದಷ್ಟು ಜನ ಇದ್ದಾರೆ" ಅನ್ನುತ್ತೇನೆ. ನಗುತ್ತಾರೆ. ನಾನು ಇಲ್ಲಿ ಗೈಡು. ನಗಿಸುವುದೂ ಸಂಬಳಕ್ಕೆ ಸೇರಿದ ಕೆಲಸವೇ.

ಊಟದ ಕೋಣೆಯ ಗೋಡೆಯ ಮೇಲೆ ಹೂವಿನ ಚಿತ್ರದ ಕಾಗದ ಅಂಟಿಸಿದ್ದಾರಲ್ಲ, ಅದರಲ್ಲಿ ಒಂದು ಹೂವನ್ನು ಒತ್ತಿದರೆ ಗೋಡೆಯೇ ಬಾಗಿಲಾಗಿ ತೆರೆಯುತ್ತದೆ. ಒಳಗೆ ಓಣಿ. ಎರಡು ಗೋಡೆಗಳ ನಡುವೆ ಒಬ್ಬರು ಹೋಗುವಷ್ಟು ಜಾಗ. ಆಳುಕಾಳುಗಳು ಯಜಮಾನರ ಕಣ್ಣಿಗೆ ಬೀಳಬಾರದು, ಆದರೆ ಊಟ ಮಾತ್ರ ಬಿಸಿಯಾಗಿ ಮೇಜಿನ ಮೇಲೆ ಬೀಳಬೇಕು. ಅದಕ್ಕೆ ಈ ಏರ್ಪಾಡು. ಗೋಡೆಯ ಗಾರೆ ಭುಜದ ಎತ್ತರದಲ್ಲಿ ಮಾತ್ರ ನುಣುಪಾಗಿದೆ, ಎಷ್ಟು ಜನರ ಭುಜ ಉಜ್ಜಿದೆಯೋ. ಎದುರಿನವರಿಗೆ ತಿಳಿಯಲಿ ಅಂತ ತಿರುವಿನಲ್ಲಿ ಕೆಮ್ಮಬೇಕು, ಕೈಯಲ್ಲಿ ಭಾರ ಇಲ್ಲದವರು ಗೋಡೆಯಲ್ಲಿ ಕೊರೆದ ಗೂಡಿನೊಳಗೆ ಸರಿದು ಭಾರ ಹೊತ್ತವರಿಗೆ ದಾರಿ ಬಿಡಬೇಕು. ಇದು ಓಣಿಯ ಕಾನೂನು. ಹೊರಗೂ ಈ ಕಾನೂನು ಇದ್ದಿದ್ದರೆ ಜಗತ್ತು ಎಷ್ಟೋ ಸುಧಾರಿಸುತ್ತಿತ್ತು ಅಂತ ನನ್ನ ಅಭಿಪ್ರಾಯ. ಯಾರೂ ಕೇಳಿಲ್ಲ, ಆದರೂ ಹೇಳಿದೆ.

ಓಣಿ ಇಳಿದು ಇಳಿದು ನೆಲಮಾಳಿಗೆಯ ಇಸ್ತ್ರಿ ಕೋಣೆಗೆ ಮುಟ್ಟುತ್ತದೆ. ಅಲ್ಲಿ ಬಟ್ಟೆ ಜೋಡಿಸುವ ಮರದ ಕಪಾಟು. ಅದರ ಕೆಳಗಿನ ಹಲಗೆಯನ್ನು ಸ್ವಲ್ಪ ಎತ್ತಿ ಎಳೆದರೆ ಕಪಾಟು ಪಕ್ಕಕ್ಕೆ ಸರಿಯುತ್ತದೆ, ಹಿಂದೆ ಪುಟ್ಟ ಕೋಣೆ. ಬೋರ್ಡಿನಲ್ಲಿ "ಹಿಂದಿನವರು ಬೆಳ್ಳಿ ಸಾಮಾನು ಬಚ್ಚಿಡುತ್ತಿದ್ದ ಸ್ಥಳ" ಅಂತ ಬರೆದಿದ್ದಾರೆ. ಸರಿಯೇ. ಆದರೆ ಬೆಳ್ಳಿ ಖಾಲಿಯಾಗಿ, ಮನೆಯವರೇ ಆ ಕೋಣೆಯನ್ನು ಮರೆತುಬಿಟ್ಟ ಮೇಲೆ ಅಲ್ಲಿ ಬಚ್ಚಿಟ್ಟದ್ದು ನನ್ನನ್ನು. ಅದನ್ನು ಬೋರ್ಡಿನಲ್ಲಿ ಬರೆದಿಲ್ಲ.

ನನ್ನಪ್ಪ ಈ ಮನೆಯ ಡ್ರೈವರ್. ನಾನು ಹೊಟ್ಟೆಯಲ್ಲಿದ್ದಾಗಲೇ ಜ್ವರ ಬಂದು ಹೋಗಿಬಿಟ್ಟ. ಅಮ್ಮ ಇಲ್ಲೇ ಪಾತ್ರೆ ತೊಳೆಯುತ್ತಿದ್ದಳು. ಅವಳಿಗೆ ಹಿಂದಿಲ್ಲ ಮುಂದಿಲ್ಲ. ಆಗಿನ ಮ್ಯಾನೇಜರು ಕೆಟ್ಟವರೇನಲ್ಲ, ಆದರೆ ಮನೆಯ ನಿಯಮ ಅಂದರೆ ನಿಯಮ. "ಹೆರಿಗೆ ಮುಗಿಸ್ಕೊಂಡು ಬಾಮ್ಮ, ನಿನ್ನ ಕೆಲಸ ಎಲ್ಲೂ ಹೋಗಲ್ಲ. ಆದ್ರೆ ಕೂಸು ಈ ಮನೆಯೊಳಗೆ ಬರೋ ಹಾಗಿಲ್ಲ" ಅಂದರಂತೆ. ಕೂಸನ್ನು ಎಲ್ಲಿ ಬಿಡುವುದು? ಹಿಂದಿನ ಬೀದಿಯ ದರ್ಜಿಯ ಹೆಂಡತಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು. "ನಡೆಯೋ ಮಗು ಆದ್ರೆ ಕರ್ಕೊಂಡು ಬಾ, ಮೊಲೆ ಕುಡಿಯೋ ಕೂಸು ನನ್ನ ಕೈಲಾಗಲ್ಲ" ಅಂದುಬಿಟ್ಟಳು. ಹಾಗಾಗಿ ಅಮ್ಮನ ಮುಂದೆ ಇದ್ದದ್ದು ಎರಡೇ ದಾರಿ. ನನ್ನನ್ನು ಅನಾಥಾಲಯಕ್ಕೆ ಕೊಡಬೇಕು, ಇಲ್ಲ ನನ್ನನ್ನು ಕಟ್ಟಿಕೊಂಡು ಬೀದಿಗೆ ಬೀಳಬೇಕು.

ಮೂರನೆಯ ದಾರಿ ತೋರಿಸಿದವಳು ಇಸ್ತ್ರಿ ದೊಡ್ಡಮ್ಮ. ನಮಗೆ ರಕ್ತಸಂಬಂಧ ಏನೂ ಇಲ್ಲ. ಇಸ್ತ್ರಿ ಕೋಣೆಯವಳು, ಅಮ್ಮನಿಗಿಂತ ದೊಡ್ಡವಳು, ಅದಕ್ಕೆ ದೊಡ್ಡಮ್ಮ. ಆಗ ಅವಳು ಬಹಳ ಮೆತ್ತಗಿನ ಹೆಂಗಸಂತೆ. ಬಾಯಿಂದ ಒಂದು ಮಾತು ಹೊರಡಿಸಬೇಕಾದರೆ ಇಕ್ಕಳ ಹಾಕಿ ಎಳೆಯಬೇಕಿತ್ತು ಅಂತ ಅಮ್ಮ ಹೇಳುತ್ತಿದ್ದಳು. ಕಪಾಟು ಸರಿಯುತ್ತದೆ ಅನ್ನುವುದು ಅವಳಿಗೆ ಗೊತ್ತಾಗಿದ್ದು ಅಂಗಿಯಿಂದ ಕಿತ್ತು ಬಿದ್ದ ಗುಂಡಿಯನ್ನು ಹುಡುಕುವಾಗ. ಗೊತ್ತಾದರೂ ಯಾರಿಗೂ ಹೇಳಿರಲಿಲ್ಲ, ಹೇಳುವ ಜಾಯಮಾನವೇ ಅವಳದಲ್ಲ. ಅಮ್ಮ ಅಳುತ್ತಾ ಕೂತಿದ್ದಾಗ ಅವಳು ಎದ್ದು ಹೋಗಿ ಆ ಹಲಗೆ ಎಳೆದಳಂತೆ. "ಗೋಡೆ ಬೆಚ್ಚಗಿದೆ ನೋಡು. ಈ ಕಡೆ ಒಲೆ ಇದೆಯಲ್ಲ. ಮಗು ಚೆನ್ನಾಗಿ ನಿದ್ದೆ ಮಾಡುತ್ತೆ" ಅಂದಳಂತೆ. ಅಷ್ಟೇ ಮಾತು.

ನಾನು ಈ ಮನೆಗೆ ಬಂದದ್ದು ಬಟ್ಟೆಯ ಬುಟ್ಟಿಯಲ್ಲಿ, ಒಗೆದ ಹೊದಿಕೆಗಳ ಕೆಳಗೆ. ನಿದ್ದೆಯನ್ನೂ ಚೆನ್ನಾಗಿಯೇ ಮಾಡಿದೆ. ಆದರೆ ಕೂಸು ಅಂದಮೇಲೆ ಅಳದೆ ಇರುತ್ತದೆಯೇ? ನಾನಂತೂ ಹುಟ್ಟಾ ಗಂಟಲುಗಾತಿ. ಆ ಕೋಣೆಗೆ ಒಂದು ಗಾಳಿಗಂಡಿ ಇದೆ, ಅದು ಗೋಡೆಯೊಳಗೇ ಮೇಲೇರಿ ನೇರವಾಗಿ ಯಜಮಾನಿಯವರ ಓದುವ ಕೋಣೆಗೆ ಹೋಗುತ್ತದೆ. ಇದು ಯಾರಿಗೆ ಗೊತ್ತಿತ್ತು? ಬಂದ ಮಾರನೆಯ ದಿನವೇ ನಾನು ಕಿರುಚಿದೆ. ಮೇಲಿನಿಂದ ಕೆಲಸದವಳು ಇಳಿದು ಬಂದು "ಅಮ್ಮಾವ್ರು ಕೇಳ್ತಿದ್ದಾರೆ, ಏನದು ಸದ್ದು?" ಅಂದಳು. ಅಮ್ಮನಿಗೆ ಜೀವವೇ ಬಾಯಿಗೆ ಬಂತು. ಒಳಗೆ ನಾನು ಇನ್ನೊಮ್ಮೆ ಶುರು ಮಾಡಿದೆ.

ಆಗ, ಇಕ್ಕಳ ಹಾಕಿ ಎಳೆದರೂ ಮಾತು ಬಾರದ ಆ ಹೆಂಗಸು ಬಾಯಿ ತೆರೆದಳು. ಕೈಯಲ್ಲಿದ್ದ ಇಸ್ತ್ರಿ ಪೆಟ್ಟಿಗೆಗೇ ಬೈಯತೊಡಗಿದಳು. "ಏ ದರಿದ್ರ ಪೆಟ್ಟಿಗೆ! ಕೆಂಡ ತಿಂದು ತಿಂದು ಕೊಬ್ಬಿದೀಯಾ? ಬಿಸಿ ಆಗು ಅಂದ್ರೆ ಹೊಗೆ ಉಗುಳ್ತೀಯಾ? ನಿನ್ನ ಹೊಟ್ಟೆ ಒಡೆದುಹೋಗ!" ಕೋಣೆ ಗುಂಯ್ ಅಂತು. ಮೇಲಿನ ಕೆಲಸದವಳು ಹೆದರಿ ಹೋಗಿ "ಇಸ್ತ್ರಿಯವಳಿಗೆ ತಲೆ ಕೆಟ್ಟಿದೆ ಅಮ್ಮಾವ್ರೇ" ಅಂದಳಂತೆ. ದೊಡ್ಡಮ್ಮ ಪೆಟ್ಟಿಗೆ ಕೆಳಗಿಟ್ಟು ನೆಲದ ಮೇಲೆ ಕೂತುಬಿಟ್ಟಳು. ಜನ್ಮದಲ್ಲಿ ಅವಳು ಬೈದದ್ದು ಅದೇ ಮೊದಲು.

ಅಲ್ಲಿಂದ ಅದೇ ಪದ್ಧತಿಯಾಯಿತು. ನಾನು ಅತ್ತರೆ ದೊಡ್ಡಮ್ಮ ಬೈಯಬೇಕು. ದಿನವೂ ಪೆಟ್ಟಿಗೆಗೇ ಬೈದರೆ ಹುಚ್ಚಿ ಅಂತ ಮನೆಗೆ ಕಳಿಸುತ್ತಾರೆ, ಬೈಯಲು ಜನ ಬೇಕು. ಕೆಳಗಿನವರು ಸೇರಿ ಪಾಳಿ ಮಾಡಿಕೊಂಡರು. ಬೆಳಗ್ಗೆ ಅಡುಗೆ ಮಾವ, ಮಧ್ಯಾಹ್ನ ತೋಟದ ತಾತ, ಸಂಜೆ ಯಾರು ಬಿಡುವಾಗಿದ್ದರೆ ಅವರು. ನನ್ನ ದನಿ ಕೇಳಿದ ಕೂಡಲೇ ಪಾಳಿಯವರು ಓಣಿಯಲ್ಲಿ ಓಡಿ ಬಂದು ಅವಳ ಮುಂದೆ ತಲೆ ಬಗ್ಗಿಸಿ ನಿಲ್ಲುತ್ತಿದ್ದರು. ಅವಳು ಮೊದಲು ಮೆಲ್ಲಗೆ "ತಪ್ಪು ತಿಳ್ಕೋಬೇಡಣ್ಣ" ಅನ್ನುವಳು, ಆಮೇಲೆ ಶುರು. ತೋಟದ ತಾತನಿಗಂತೂ ಭಾರಿ ಖುಷಿ. "ನಮ್ಮನೆಯವಳು ಬೈದಾಗ ಮೈ ಉರಿಯುತ್ತೆ, ನೀನು ಬೈದ್ರೆ ಮೈ ಹಗುರಾಗುತ್ತೆ ಕಣಮ್ಮ" ಅನ್ನುತ್ತಿದ್ದನಂತೆ. ಅಡುಗೆ ಮಾವ ಬೈಗುಳಗಳನ್ನು ಅವಳಿಗೆ ಹೇಳಿಕೊಡುತ್ತಿದ್ದ, ಅವಳ ಹತ್ತಿರ ದಾಸ್ತಾನು ಇರಲಿಲ್ಲವಲ್ಲ! ಅಷ್ಟೂ ಜನರ ಹೊಟ್ಟೆ ತಣ್ಣಗಿರಲಿ. ಒಬ್ಬರಾದರೂ ಬಾಯಿ ಬಿಟ್ಟಿದ್ದರೆ ಇವತ್ತು ನಾನು ಯಾರ ಮಗಳೋ.

ಇಷ್ಟರಲ್ಲಿ ಮೇಲಿನವರ ಬಾಯಲ್ಲಿ ಅವಳ ಹೆಸರು ಜಗಳಗಂಟಿ ಅಂತಾಗಿತ್ತು. ಆದರೂ ಅವಳಷ್ಟು ಚೆನ್ನಾಗಿ ನೆರಿಗೆ ಕೂರಿಸುವವರು ಬೇರೆ ಯಾರೂ ಇಲ್ಲದ್ದಕ್ಕೆ ಇಟ್ಟುಕೊಂಡಿದ್ದರು. ಅಷ್ಟೇ ಅಲ್ಲ, ಬಟ್ಟೆಬರೆ ಉಸ್ತುವಾರಿಯ ಮುದುಕಿ ಕೆಲಸ ಬಿಡುವವಳಿದ್ದಳು, ಆ ಜಾಗ ದೊಡ್ಡಮ್ಮನಿಗೆ ಅಂತ ಮ್ಯಾನೇಜರು ಮನಸ್ಸು ಮಾಡಿದ್ದರು. ಉಸ್ತುವಾರಿ ಅಂದರೆ ಸಾಮಾನ್ಯವಲ್ಲ. ಮೇಲಿನ ಅಂತಸ್ತಿನಲ್ಲಿ ತನ್ನದೇ ಕೋಣೆ. ಕೋಣೆಗೆ ಕಿಟಕಿ, ಕಿಟಕಿಯಾಚೆ ತೋಟ. ವರ್ಷಗಟ್ಟಲೆ ನೆಲಮಾಳಿಗೆಯಲ್ಲಿ ಹೊಗೆ ಕುಡಿದವಳಿಗೆ ಕಿಟಕಿಗಿಂತ ದೊಡ್ಡ ಆಸೆ ಏನಿರುತ್ತದೆ? ಅವಳು ಕಿಟಕಿಗೆ ಪರದೆಯನ್ನೂ ಹೊಲಿದಿಟ್ಟುಕೊಂಡಿದ್ದಳು.

ಆಗ ಹೊಸ ಡ್ರೈವರ್ ಬಂದ. ನನ್ನಪ್ಪನ ಜಾಗಕ್ಕೆ ಬಂದವನು. ಅವನಿಗೆ ಪಾಳಿಯ ವಿಷಯ ಹೇಳಲು ಎಲ್ಲರೂ ಮರೆತರು. ಅವನು ಹೇಳಿರಬಹುದು ಅಂತ ಇವನು, ಇವನು ಹೇಳಿರಬಹುದು ಅಂತ ಅವನು. ಪಾಪ, ತನ್ನ ಅಂಗಿ ಇಸ್ತ್ರಿಗೆ ಕೊಡಲು ಬಂದಿದ್ದಾನೆ, ಆ ಹೊತ್ತಿಗೆ ಸರಿಯಾಗಿ ನಾನು ರಾಗ ತೆಗೆದಿದ್ದೇನೆ. ಎದುರಿಗೆ ಸಿಕ್ಕವನು ಅವನೇ. ದೊಡ್ಡಮ್ಮ ಅವನ ಅಂಗಿಯಿಂದ ಹಿಡಿದು ಮೀಸೆಯವರೆಗೆ ಮಂಗಳಾರತಿ ಎತ್ತಿದಳು. ಅವನು ಮಾನವಂತ. ಕೆಂಪಗಾಗಿ ಹೋಗಿ ನೇರವಾಗಿ ಮ್ಯಾನೇಜರ ಮುಂದೆ ನಿಂತ. ಮ್ಯಾನೇಜರು ಅವನನ್ನೂ ಕರೆದುಕೊಂಡು, ಎಂದೂ ಇಳಿಯದ ನೆಲಮಾಳಿಗೆಗೆ ಇಳಿದು ಬಂದರು.

"ಏನಮ್ಮ ಇದು? ನಾಳೆ ಉಸ್ತುವಾರಿ ಆಗೋಳು ನೀನು. ಒಂದು ಮಾತು ಕ್ಷಮಿಸು ಅನ್ನು ಇವನಿಗೆ, ಇಲ್ಲಿಗೆ ಮುಗಿಸೋಣ" ಅಂದರು. ಎಷ್ಟು ಒಳ್ಳೆಯ ಮಾತು ನೋಡಿ. ದೊಡ್ಡಮ್ಮ ಕೈ ಮುಗಿದು ಕ್ಷಮೆ ಕೇಳಲು ಬಾಯಿ ತೆರೆದಳು. ಅದೇ ಹೊತ್ತಿಗೆ ಕಪಾಟಿನ ಹಿಂದೆ ನಾನು ಸಣ್ಣಗೆ ಕೊಸರಿದೆ. ಕೊಸರಿದ ಮೇಲೆ ನನ್ನದು ಯಾವಾಗಲೂ ದೊಡ್ಡ ಕಿರುಚಾಟವೇ. ಅದು ಅವಳಿಗೂ ಗೊತ್ತು, ಮೂಲೆಯಲ್ಲಿ ನಿಂತಿದ್ದ ಅಮ್ಮನಿಗೂ ಗೊತ್ತು. ಕಪಾಟು ಇದ್ದದ್ದು ಮ್ಯಾನೇಜರ ಬೆನ್ನ ಹಿಂದೆಯೇ. ದೊಡ್ಡಮ್ಮ ಅಮ್ಮನ ಮುಖವನ್ನು ಒಮ್ಮೆ ನೋಡಿದಳಂತೆ.

ನೋಡಿದವಳೇ ಮ್ಯಾನೇಜರಿಗೇ ಬೈದಳು. "ಕ್ಷಮೆ ಅಂತೆ ಕ್ಷಮೆ! ಇಷ್ಟು ವರ್ಷದಲ್ಲಿ ಒಂದು ದಿನ ಇಳಿದು ಬಂದು ಹೊಗೇಲಿ ಹೇಗಿದೀಯಾ ಅಂತ ಕೇಳಿದೀರಾ? ಇವತ್ತು ನ್ಯಾಯ ಹೇಳೋಕೆ ಬಂದ್ರಾ? ನಿಮ್ಮ ಕಾಲರಿಗೆ ಗಂಜಿ ಹಾಕಿ ಹಾಕಿ ನಿಮ್ಮ ಕತ್ತು ಬಗ್ಗೋದೇ ಮರೆತುಹೋಗಿದೆ!" ಕಾಲರಿನ ಮಾತು ಮಾತ್ರ ಅವಳ ಸ್ವಂತದ್ದು, ತನ್ನದಲ್ಲ ಅಂತ ಅಡುಗೆ ಮಾವ ಸಾಯುವವರೆಗೂ ಹೇಳುತ್ತಿದ್ದ. ಅವಳು ಬೈದಳು, ಕಬ್ಬಿಣದ ಪೆಟ್ಟಿಗೆಯನ್ನು ಮೇಜಿಗೆ ಕುಟ್ಟಿದಳು, ಮತ್ತೆ ಬೈದಳು. ಮ್ಯಾನೇಜರ ಮುಖ ಬಿಳಿಚಿಕೊಂಡಿತು. "ಕೈಗೆ ಬಂದ ತುತ್ತನ್ನ ನೀನೇ ಚೆಲ್ಕೊಂಡೆ" ಅಂದು ಮೆಟ್ಟಿಲು ಹತ್ತಿ ಹೋದರು. ಕೆಲಸ ಉಳಿಯಿತು, ಕಿಟಕಿ ಹೋಯಿತು.

ಡ್ರೈವರ್ ಮಾತ್ರ ಅಲ್ಲೇ ನಿಂತಿದ್ದ. ಅವಳು ಬೈಗುಳ ನಿಲ್ಲಿಸಿ ಉಸಿರು ತೆಗೆದುಕೊಂಡಾಗ ಅವನ ಕಿವಿಗೆ ನನ್ನ ದನಿ ಬಿತ್ತು. ಅಮ್ಮ ಕಪಾಟು ಸರಿಸಿ ನನ್ನನ್ನು ಎತ್ತಿಕೊಂಡಳು. ಮುಚ್ಚಿಟ್ಟು ಇನ್ನು ಏನು ಪ್ರಯೋಜನ? ಅವನು ನನ್ನನ್ನು ನೋಡಿದ, ದೊಡ್ಡಮ್ಮನನ್ನು ನೋಡಿದ, ತಿರುಗಿ ಹೋದ. ಅಮ್ಮ ಗಂಟು ಕಟ್ಟಿಟ್ಟು ಕೂತಳು. ಮಾರನೆಯ ಬೆಳಗ್ಗೆ ನಾನು ಅತ್ತ ಕೂಡಲೇ ಅಡುಗೆ ಮಾವನಿಗಿಂತ ಮೊದಲೇ ಅವನು ಓಡಿ ಬಂದು ದೊಡ್ಡಮ್ಮನ ಮುಂದೆ ತಲೆ ಬಗ್ಗಿಸಿ ನಿಂತ. "ಬೈಯಿ ಅಕ್ಕ" ಅಂದ. ಅವತ್ತು ಮಾತ್ರ ಅವಳಿಗೆ ಬೈಯಲು ಬಾಯೇ ಬರಲಿಲ್ಲವಂತೆ, ಅಡುಗೆ ಮಾವನೇ ಅವಳ ಬದಲಿಗೆ ಕಿರುಚಿ ನಿಭಾಯಿಸಿದ.

ನಾನು ಇಸ್ತ್ರಿ ಮೇಜಿನ ಕಾಲು ಹಿಡಿದು ನಿಂತೆ, ಡ್ರೈವರ್ ಮಾವನ ಕಡೆಗೆ ಮೊದಲ ಹೆಜ್ಜೆ ಇಟ್ಟೆ, ನಡೆಯೋ ಮಗುವಾಗಿ ದರ್ಜಿಯ ಮನೆ ಸೇರಿದೆ. ಸಂಜೆ ಅಮ್ಮನ ಮಡಿಲಿಗೆ ಬರುವ ಮಗಳಾಗಿ ಬೆಳೆದೆ. ದೊಡ್ಡಮ್ಮ ಮಾತ್ರ ಕೆಲಸ ಬಿಡುವವರೆಗೂ ದಿನಕ್ಕೊಮ್ಮೆ ಯಾರಿಗಾದರೂ ಬೈಯುತ್ತಲೇ ಇದ್ದಳು. "ತಟ್ಟನೆ ಸುಮ್ಮನಾದ್ರೆ ಅನುಮಾನ ಬರುತ್ತೆ. ನಿಮ್ಮಮ್ಮನ ಕೆಲಸ ಇನ್ನೂ ಇದೆಯಲ್ಲ" ಅನ್ನುವಳು. ಬೀದಿಯಲ್ಲಿ ಜನ "ಜಗಳಗಂಟಿ ಬಂದ್ಲು" ಅಂತ ದಾರಿ ಬಿಡುತ್ತಿದ್ದರು. ಅವಳು ತಲೆ ತಗ್ಗಿಸಿ ನಡೆಯುತ್ತಿದ್ದಳು. ನನಗೆ ಬುದ್ಧಿ ಬಂದ ಮೇಲೆ ಯಾರಾದರೂ ಆ ಮಾತು ಅಂದರೆ ನಾನೇ ನಿಜವಾದ ಜಗಳಗಂಟಿಯಾಗುತ್ತಿದ್ದೆ.

ಅಮ್ಮ ಹೋದ ಮೇಲೆ ದೊಡ್ಡಮ್ಮ ನನ್ನ ಮನೆಯಲ್ಲೇ ಇದ್ದಾಳೆ. ಕಿಟಕಿಯ ಕೋಣೆ ಅವಳದು, ಆ ಹಳೆಯ ಪರದೆಯನ್ನೇ ಹಾಕಿದ್ದೇವೆ. ಈಗ ದನಿ ಬಹಳ ಸಣ್ಣದಾಗಿದೆ, ನೀರು ಬೇಕು ಅಂದರೂ ಹತ್ತಿರ ಹೋಗಿ ಕೇಳಿಸಿಕೊಳ್ಳಬೇಕು. ಹೋದ ತಿಂಗಳು ಒಂದು ಬೆಳಗ್ಗೆ ಅವಳನ್ನು ಇಲ್ಲಿಗೆ ಕರೆದುಕೊಂಡು ಬಂದೆ, ಮುಂಬಾಗಿಲಿನಿಂದಲೇ. ಅವಳು ಆ ಬಾಗಿಲು ದಾಟಿದ್ದು ಅದೇ ಮೊದಲು. ಕನ್ನಡಿ ನೋಡಲಿಲ್ಲ, ಚಾವಣಿ ನೋಡಲಿಲ್ಲ. "ನಮ್ಮ ಕೋಣೆಗೆ ಹೋಗೋಣ ನಡಿ" ಅಂದಳು. ಇಸ್ತ್ರಿ ಕೋಣೆಯಲ್ಲಿ ಕುರ್ಚಿಯ ಮೇಲೆ ಕೂರಿಸಿದೆ. ತಣ್ಣಗಿನ ಒಲೆಯನ್ನು ಮುಟ್ಟಿ, ಮೇಜನ್ನು ಸವರಿ, "ಈ ಕೋಣೇಲಿ ಇಷ್ಟು ಹೊತ್ತು ಸುಮ್ಮನೆ ಕೂತು ಎಷ್ಟು ಕಾಲ ಆಯ್ತೋ" ಅಂತ ನಕ್ಕಳು. ನಾನು ಕಪಾಟು ಸರಿಸಿ ಒಳಗೆ ಹೋದೆ.

ಎಷ್ಟು ಸಲ ಹೋಗಿದ್ದೇನೆ ಅಲ್ಲಿ, ಎಷ್ಟು ಜನಕ್ಕೆ ತೋರಿಸಿ ನಗಿಸಿದ್ದೇನೆ. ಆದರೆ ಅವಳು ಆಚೆ ಕೂತಿರುವಾಗ ಒಳಗೆ ಹೋಗಿದ್ದು ಬುದ್ಧಿ ಬಂದ ಮೇಲೆ ಅದೇ ಮೊದಲು. ಕಾಲು ಚಾಚಲೂ ಆಗದ ಆ ಕತ್ತಲಲ್ಲಿ ಕೂತೆ. ಕಿಟಕಿಯ ಕೋಣೆ, ಒಳ್ಳೆಯ ಹೆಸರು, ಮೆತ್ತಗಿನ ಸ್ವಭಾವ, ಎಲ್ಲವನ್ನೂ ಈ ಗೂಡಿನ ಬಾಯಿಗೆ ಅಡ್ಡ ಇಟ್ಟಳಲ್ಲ ಈ ತಾಯಿ ಅನ್ನಿಸಿತು. ಹೊಟ್ಟೆಯೊಳಗಿಂದ ಅಳು ಒತ್ತರಿಸಿ ಬಂತು. ಬಾಯಿ ಮುಚ್ಚಿಕೊಂಡೆ, ನಿಲ್ಲಲಿಲ್ಲ. ಗಟ್ಟಿಯಾಗಿ ಅತ್ತೆ.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಕಾಲುಗಳ ಸದ್ದು. ಈಗಿನ ಮ್ಯಾನೇಜರು ಒಂದು ದಂಡು ಜನರನ್ನು ಕರೆದುಕೊಂಡು ಇಳಿಯುತ್ತಿದ್ದರು. ಆಚೆ ಕುರ್ಚಿ ಕಿರುಗುಟ್ಟಿತು. ಆಮೇಲೆ, ನೀರು ಬೇಕು ಅಂದರೂ ಕೇಳಿಸದ ಆ ಗಂಟಲು ಎಲ್ಲಿತ್ತೋ ಏನೋ, ಇಡೀ ನೆಲಮಾಳಿಗೆ ಗುಂಯ್ ಅನ್ನುವ ಹಾಗೆ ಎದ್ದಿತು. "ಯಾರ್ರೀ ಅದು, ಧೂಳು ಕಾಲಲ್ಲಿ ಬರೋರು? ಒಗೆದ ಬಟ್ಟೆ ಇಡೋ ಜಾಗ ಇದು! ಕಣ್ಣು ನೆತ್ತಿ ಮೇಲಿದೆಯಾ ಹೇಗೆ? ಏ ಕಾಲರಿನವನೇ, ನಿನಗೇ ಹೇಳಿದ್ದು!"

ಪಾಪ, ಮ್ಯಾನೇಜರು "ಅಜ್ಜಿ, ಅಜ್ಜಿ" ಅನ್ನುತ್ತಲೇ ಇದ್ದರು. ನಾನು ಅತ್ತು ಮುಗಿಸುವವರೆಗೂ ಅವಳು ನಿಲ್ಲಿಸಲಿಲ್ಲ.