ಬಲಗಡೆ ಸೀಟಿನ ಉದ್ಯೋಗ

ಈಚೆಗೆ ನನಗೆ ಕೂತಲ್ಲಿ ಕೂರುವುದು ಮರೆತುಹೋಗಿದೆ. ಅಂಗಡಿಯಲ್ಲಿ ಕೂತರೆ ಮನೆಗೆ ಹೋಗಬೇಕು ಅನ್ನಿಸುತ್ತದೆ, ಮನೆಗೆ ಹೋದರೆ ಹಿತ್ತಲಿನ ಶೆಡ್ಡಿಗೆ, ಶೆಡ್ಡಿನಲ್ಲಿ ಸ್ವಲ್ಪ ನಿಂತರೆ ಮತ್ತೆ ಅಂಗಡಿಗೆ. ಅರಸೀಕೆರೆಯ ಪೇಟೆಯಲ್ಲಿ ಇಂಥದ್ದೆಲ್ಲ ಗುಟ್ಟಾಗಿ ಉಳಿಯುವುದಿಲ್ಲ. ಶುಗರ್ ಇರಬಹುದು, ತೋರಿಸಿಕೊಳ್ಳಿ ಎಂದರು. ತೋರಿಸಿಕೊಂಡೆ. ಇಲ್ಲವಂತೆ. ಡಾಕ್ಟರು ಕುರ್ಚಿ ತೋರಿಸಿ ಕೂತ್ಕೊಳ್ಳಿ ಎಂದಾಗಲೂ ನಾನು ನಿಂತೇ ಇದ್ದೆ.

ಯೋಚಿಸಿ ನೋಡಿದರೆ, ನಾನು ಮಿಸುಕಾಡದೆ ಕೂರುತ್ತಿದ್ದ ಜಾಗ ಜಗತ್ತಿನಲ್ಲಿ ಒಂದೇ ಇತ್ತು. ಅಣ್ಣನ ಕಾರಿನ ಮುಂದಿನ ಬಲಗಡೆ ಸೀಟು.

ಬಲಗಡೆ ಅಂದರೆ ಡ್ರೈವರ್ ಸೀಟಲ್ಲವೇ ಎಂದು ನೀವು ಕೇಳುತ್ತೀರಿ. ದಾರಿಯಲ್ಲಿ ಸಿಕ್ಕವರೂ ಹಾಗೇ ತಿಳಿಯುತ್ತಿದ್ದರು. ಅದು ಅಮೆರಿಕದ ಹಳೇ ಕಾರು, ಸ್ಟೇರಿಂಗ್ ಎಡಕ್ಕೆ. ಬಲಗಡೆ ನಾನು ಕೈಕಟ್ಟಿ ಕೂತಿರುವುದು, ಮುಂದೆ ಸ್ಟೇರಿಂಗೇ ಇಲ್ಲದಿರುವುದು, ಆದರೂ ಕಾರು ಬಾಣದ ಹಾಗೆ ಹೋಗುತ್ತಿರುವುದು, ಇದನ್ನು ನೋಡಿ ಜಾವಗಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಅಜ್ಜಿ ಕೈಮುಗಿದದ್ದುಂಟು.

ನಮ್ಮದು ಕೊಬ್ಬರಿ ವ್ಯಾಪಾರ. ಇದಕ್ಕಿಂತ ನಿಧಾನದ ಕಸುಬು ಇದ್ದರೆ ಕಲ್ಲು ಕೆತ್ತುವುದು ಒಂದೇ ಇರಬೇಕು. ತೆಂಗಿನಕಾಯನ್ನು ಅಟ್ಟಕ್ಕೆ ಏರಿಸಿ ಹೆಚ್ಚುಕಡಿಮೆ ಒಂದು ವರ್ಷ ಸುಮ್ಮನಿರಬೇಕು. ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಕಿವಿಯ ಹತ್ತಿರ ಅಲ್ಲಾಡಿಸಿದರೆ ಗಡಗಡ ಅನ್ನುವವರೆಗೆ ಕಾಯುವುದೇ ಕೆಲಸ. ಕಡಿಮೆ ಮಾತಿನ ನನಗೆ ಇದು ಒಗ್ಗಿತು. ಅಣ್ಣ ಮಾತ್ರ ಯಾವ ಅಟ್ಟದ ಮೇಲೂ ಒಣಗುವ ಜಾತಿಯವನಾಗಿರಲಿಲ್ಲ. ಇಡೀ ವಾರ ಕಾದದ್ದನ್ನು ಅವನು ಭಾನುವಾರ ಬೆಳಿಗ್ಗೆ ಬೇಲೂರು–ಅರೇಹಳ್ಳಿ ರಸ್ತೆಯ ತಿರುವುಗಳಲ್ಲಿ ತೀರಿಸಿಕೊಳ್ಳುತ್ತಿದ್ದ.

ಕಾರು ಸಿಕ್ಕಿದ್ದೂ ಅರೇಹಳ್ಳಿಯಲ್ಲೇ. ಅತ್ತಿಗೆಯ ತವರು ಅದು. ಅಲ್ಲಿ ಕಾಫಿ ತೋಟದವರೊಬ್ಬರ ಶೆಡ್ಡಿನಲ್ಲಿ, ಗೋಣಿಚೀಲಗಳ ನಡುವೆ, ಹಿಂದಿನ ಸೀಟಿನಲ್ಲಿ ಕೋಳಿ ಕಾವಿಗೆ ಕೂತಿದ್ದ ಸ್ಥಿತಿಯಲ್ಲಿ ಅದನ್ನು ಅಣ್ಣ ಮೊದಲು ನೋಡಿದ. ಆಕಾಶನೀಲಿ ಬಣ್ಣ, ಬಿಳಿ ಟಾಪು, ಹಿಂದುಗಡೆ ಮೀನಿನ ರೆಕ್ಕೆಯಂಥ ಎರಡು ರೆಕ್ಕೆ. ಯಾವ ಕಾಲದಲ್ಲೋ ಯಾರೋ ಪುಣ್ಯಾತ್ಮರು ಅದರ ಮೂಲ ಎಂಜಿನ್ ತೆಗೆದು ಟ್ರ್ಯಾಕ್ಟರಿನಂತೆ ಬಡಬಡಿಸುವ ಡೀಸೆಲ್ ಎಂಜಿನ್ ಕೂರಿಸಿದ್ದರು. ಕೋಳಿಯನ್ನು ಎಬ್ಬಿಸಿ, ಲಾರಿಯ ಮೇಲೆ ಹೇರಿಕೊಂಡು ಊರಿಗೆ ತಂದೆವು. ಊರು ಅದಕ್ಕೆ 'ಅಮೆರಿಕ' ಎಂದೇ ಹೆಸರಿಟ್ಟಿತು. "ಅಮೆರಿಕ ಎದ್ದೈತಾ, ಇನ್ನೂ ಮಲಗೈತಾ?" ಎಂದು ಕೇಳದೆ ಯಾರೂ ಅಂಗಡಿಯಲ್ಲಿ ಕೊಬ್ಬರಿ ಇಳಿಸುತ್ತಿರಲಿಲ್ಲ.

ಅದನ್ನು ಎಬ್ಬಿಸುವ ವಿಷಯದಲ್ಲಿ ನನಗೂ ಅಣ್ಣನಿಗೂ ಭಿನ್ನಾಭಿಪ್ರಾಯವಿತ್ತು. ಅದು ಹುಟ್ಟಿದಾಗ ಹೇಗಿತ್ತೋ ಹಾಗೇ ಮಾಡಬೇಕು ಎಂಬುದು ನನ್ನ ಪಕ್ಷ. ನೋಡಲು ಹಾಗೇ ಇರಲಿ, ಓಡುವುದು ಮಾತ್ರ ಇವತ್ತಿನ ಹಾಗೆ ಓಡಲಿ ಎಂಬುದು ಅವನದು. ಮೆಕ್ಯಾನಿಕ್ ನಾಗರಾಜ ಯಾರು ಕೊನೆಯಲ್ಲಿ ಮಾತಾಡಿದರೋ ಅವರ ಪಕ್ಷ. ನಾನು ಮಾತೇ ಆಡುವವನಲ್ಲವಾದ್ದರಿಂದ ಅಣ್ಣ ಗೆದ್ದ. ಮುಂಬಯಿಯಿಂದ ಎಂಟು ಸಿಲಿಂಡರಿನ ಪೆಟ್ರೋಲ್ ಎಂಜಿನ್ ಬಂತು. ನಾಲ್ಕೂ ಚಕ್ರಕ್ಕೆ ಹೊಸ ಕಾಲದ ಡಿಸ್ಕ್ ಬ್ರೇಕು, ತಿರುವಿನಲ್ಲಿ ದೋಣಿಯಂತೆ ವಾಲದಿರಲು ಗಟ್ಟಿ ಸ್ಪ್ರಿಂಗು, ಅಗಲದ ಟೈರು, ಸೀಟಿಗೆ ಬೆಲ್ಟು ಎಲ್ಲ ಬಂದವು. "ಮುಂದಿನ ವಾರ ರೆಡಿ" ಎಂದು ನಾಗರಾಜ ಹೇಳಿದ ಎಷ್ಟೋ ಮುಂದಿನ ವಾರಗಳು ಕಳೆದ ಮೇಲೆ ಅಮೆರಿಕ ಎದ್ದಿತು.

ಈ ವಾದವನ್ನು ನಾವು ಬೇಲೂರಿನ ದೇವಸ್ಥಾನದವರೆಗೂ ಒಯ್ದಿದ್ದೆವು. ಅಲ್ಲಿನ ನರಸಿಂಹ ಕಂಬ ಹಿಂದೊಂದು ಕಾಲದಲ್ಲಿ ನಿಂತಲ್ಲೇ ತಿರುಗುತ್ತಿತ್ತು ಎನ್ನುತ್ತಾರೆ. ಅಣ್ಣ ಕಂಬದ ಬುಡವನ್ನು ಬಗ್ಗಿ ನೋಡಿ, "ಬೇರಿಂಗ್ ಜಾಮ್ ಆಗೈತೆ ಕಣ್ಲಾ. ಕಾಲಕಾಲಕ್ಕೆ ಗ್ರೀಸ್ ಹಾಕ್ಬೇಕಿತ್ತು" ಎಂದ. ಗೈಡ್ ಒಬ್ಬರು ನಮ್ಮನ್ನು ಕೆಟ್ಟದಾಗಿ ನೋಡಿದರು. ಅದೇ ಗೈಡ್, ಗರ್ಭಗುಡಿಯ ಮೇಲೆ ಮೊದಲು ಶಿಖರವಿತ್ತು, ಭಾರಕ್ಕೆ ಕೆಳಗಿನ ಗೋಡೆ ಕೆಡುತ್ತದೆಂದು ಇಳಿಸಿಬಿಟ್ಟರು ಎಂದಾಗ ಅಣ್ಣನ ಮುಖ ಅರಳಿತು. ಓಟದ ಕಾರಿನ ಮೊದಲ ಪಾಠವೂ ಅದೇ ಅಂತೆ, ಭಾರ ಇಳಿಸುವುದು. ಹಳೇಬೀಡಿನಲ್ಲಂತೂ ಶಿಖರವೇ ಇಲ್ಲವಲ್ಲ, ಅವರು ಇನ್ನೂ ಬುದ್ಧಿವಂತರು ಎಂದು ಮನೆಯವರೆಗೂ ಹೇಳಿಕೊಂಡು ಬಂದ. ಕಂಬ ತಿರುಗದಿದ್ದರೂ ಅದು ಕಂಬವೇ ಎಂದು ನನಗೆ ಹೇಳಬೇಕೆನಿಸಿತ್ತು.

ಈಗ ನನ್ನ ಉದ್ಯೋಗಕ್ಕೆ ಬರುತ್ತೇನೆ. ಸ್ಟೇರಿಂಗ್ ಎಡಕ್ಕಿದ್ದರೆ ನಮ್ಮ ರಸ್ತೆಗಳಲ್ಲಿ ಒಂದು ಕಷ್ಟವಿದೆ. ಮುಂದೊಂದು ಲಾರಿ ಹೋಗುತ್ತಿದ್ದರೆ ಎಡಗಡೆ ಕೂತವನಿಗೆ ಲಾರಿಯ ಬೆನ್ನು ಬಿಟ್ಟು ಬೇರೇನೂ ಕಾಣುವುದಿಲ್ಲ. ಎದುರಿನಿಂದ ಏನು ಬರುತ್ತಿದೆ ಎಂಬುದು ಬಲಗಡೆ ಕೂತವನಿಗೆ ಮಾತ್ರ ಕಾಣುತ್ತದೆ. ಆದ್ದರಿಂದ ನಾನು ಕತ್ತು ಚಾಚಿ ನೋಡಬೇಕು, ರಸ್ತೆ ಖಾಲಿ ಇದ್ದರೆ 'ಹೂಂ' ಅನ್ನಬೇಕು, ಏನಾದರೂ ಬರುತ್ತಿದ್ದರೆ 'ಊಹೂಂ'. ಅಷ್ಟೇ. ನನ್ನ ಸ್ವಭಾವಕ್ಕೆ ಅಳತೆ ತೆಗೆದು ಹೊಲಿದಂಥ ಕೆಲಸ. ಮದುವೆಯ ಮಾತು ಬಂದಾಗಲೆಲ್ಲ ನಾನು ಇದರಲ್ಲಿ ಎರಡನೆಯದನ್ನೇ ಹೇಳಿ ಮುಗಿಸಿದವನು. ನನ್ನ 'ಹೂಂ' ಕೇಳಿದ್ದೇ ತಡ, ಅಣ್ಣ ಒಂದು ಸಲವೂ ಅನುಮಾನಿಸದೆ ಪೆಡಲ್ ಒತ್ತುತ್ತಿದ್ದ. ಎಂಟೂ ಸಿಲಿಂಡರು ಒಟ್ಟಿಗೆ ಬಾಯಿ ತೆರೆಯುತ್ತಿದ್ದವು. ಹಿಂದೆ ಕೂತ ಅತ್ತಿಗೆ ಶಿವನನ್ನು ನೆನೆಯುತ್ತಿದ್ದರು.

ಇವನು ಒಂದು ದಿನ ಆ ಕಾರಿನಲ್ಲೇ ಹೋಗುತ್ತಾನೆ ಎಂದು ಊರೆಲ್ಲ ಹೇಳುತ್ತಿತ್ತು. ಅಣ್ಣ ಹೋದದ್ದು ಅಂಗಡಿಯಲ್ಲಿ, ತಕ್ಕಡಿಯ ಪಕ್ಕ, ಒಂದು ಕೊಬ್ಬರಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತ. ಹಾಗೇ ಚೀಲಕ್ಕೆ ಒರಗಿದ. ನಾನು ಪಕ್ಕದಲ್ಲೇ ಇದ್ದೆ. ಎದುರಿಗೆ ಬರುವುದನ್ನು ನೋಡಿ ಹೇಳುವುದೇ ನನ್ನ ಕೆಲಸವಾಗಿತ್ತಲ್ಲ, ಅವತ್ತು ಬಂದದ್ದು ನನಗೆ ಕಾಣಲಿಲ್ಲ. ಅವನ ತಿಥಿಯ ಶಿವಗಣಾರಾಧನೆಗೆ ಬಂದ ಜನ ಊಟ ಮಾಡಿ ಎದ್ದ ಮೇಲೂ ನಾನು ಅದನ್ನೇ ಯೋಚಿಸುತ್ತಿದ್ದೆ. ಆಮೇಲಿನಿಂದಲೇ ಈ ಕೂರಲಾಗದ ಕಾಯಿಲೆ.

ಕಾರನ್ನು ಸುಮ್ಮನೆ ಬಿಟ್ಟರೆ ಕೆಡುತ್ತದೆ ಎಂದು ನಾಗರಾಜ ಹೇಳಿದ್ದರಿಂದ ನಾನೇ ತೆಗೆಯಲು ಶುರುಮಾಡಿದೆ. ಅಂಗಡಿಯ ವ್ಯಾನು ಓಡಿಸಿ ಅಭ್ಯಾಸವಿತ್ತು. ಆದರೆ ಎಡಗಡೆ ಕೂತು ನೋಡಿದರೆ ಬಲಗಡೆ ಯಾರೂ ಇಲ್ಲ. ಆ ಜಾಗವನ್ನು ನೋಡಲಾಗದೆ ಒಂದು ಕೊಬ್ಬರಿ ಚೀಲವನ್ನು ಕೂರಿಸಿ ಬೆಲ್ಟ್ ಹಾಕಿದೆ. ಅದೂ ನನ್ನ ಹಾಗೇ ಸುಮ್ಮನೆ ಕೂರುತ್ತಿತ್ತು. ಆದರೆ 'ಹೂಂ' ಅನ್ನುತ್ತಿರಲಿಲ್ಲ. ಪರಿಣಾಮವಾಗಿ, ತಾಲ್ಲೂಕಿನಲ್ಲೇ ಎಲ್ಲಕ್ಕಿಂತ ಜೋರಾಗಿ ಓಡಬಲ್ಲ ಕಾರು ತೆಂಗಿನಕಾಯಿ ಲಾರಿಗಳ ಹಿಂದೆ, ಟ್ರ್ಯಾಕ್ಟರುಗಳ ಹಿಂದೆ, ಒಮ್ಮೆ ಜಾವಗಲ್ಲಿನ ಹತ್ತಿರ ಒಂದು ಕುರಿಮಂದೆಯ ಹಿಂದೆ, ವಿಧೇಯ ವಿದ್ಯಾರ್ಥಿಯಂತೆ ನಡೆಯತೊಡಗಿತು. ಹಾಲಿನ ಕ್ಯಾನು ನೇತುಹಾಕಿಕೊಂಡ ಮೊಪೆಡ್ಡು ನನ್ನನ್ನು ಹಿಂದೆ ಹಾಕಿತು. ಅದರ ಸವಾರ ತಿರುಗಿ ನೋಡಿ ಮರುಕದಿಂದ ತಲೆಯಾಡಿಸಿದ.

ನಾಗರಾಜನಿಗೆ ಹೇಳಿದೆ.

"ಅದಕ್ಕೇನು ಚಿಕ್ಕ ಯಜಮಾನ್ರೆ, ಸ್ಟೇರಿಂಗ್ ಬಲಕ್ಕೆ ತಂದ್ಬಿಡೋಣ. ನಾನು ಅವತ್ತೇ ಹೇಳಿದ್ದೆ. ದೊಡ್ಡೋರು ಒಪ್ಲಿಲ್ಲ."

"ಯಾಕೆ?"

"ಬೇಜಾರ್ ಮಾಡ್ಕೊಬಾರ್ದು ನೀವು."

"ಇಲ್ಲ, ಹೇಳು."

"'ಅವ್ನು ಅಂಗಡೀಲೂ ಬಾಯಿ ಬಿಡಲ್ಲ, ಮನೇಲೂ ಬಾಯಿ ಬಿಡಲ್ಲ. ಕಾರಲ್ಲಿ ಕೂತ್ರೆ ಹೂಂ ಅಂತಾನಾದ್ರೂ ಅಂತಾನೆ. ಸ್ಟೇರಿಂಗ್ ಆ ಕಡೆ ಹಾಕ್ಬಿಟ್ರೆ ಅದೂ ಹೋಯ್ತದೆ, ಸುಮ್ಕಿರ್ಲಾ' ಅಂದ್ರು." ನಾಗರಾಜ ಕೈಯನ್ನು ಬಟ್ಟೆಗೆ ಒರೆಸಿಕೊಂಡ. "ನಗ್ತಾ ನಗ್ತಾ ಅಂದಿದ್ದು. ಸೋಮ್ವಾರ ಗಾಡಿ ತಂದ್ಬಿಡಿ, ಮುಂದಿನ್ ವಾರ ರೆಡಿ."

ನಾನು ಹೂಂ ಅಂದೆ. ಅಭ್ಯಾಸ.

ಮನೆಗೆ ಬರುವಾಗ ಅಮೆರಿಕದ ಬ್ರೇಕು, ಎಂಜಿನ್ನು, ಸ್ಪ್ರಿಂಗು ಎಲ್ಲ ನೆನಪಾದವು. ಒಂದನ್ನೂ ಹಳೆಯದಾಗಿ ಉಳಿಸದ ಮನುಷ್ಯ ಒಂದೇ ಒಂದು ಅನನುಕೂಲವನ್ನು ಮಾತ್ರ ಜೋಪಾನವಾಗಿ ಉಳಿಸಿಕೊಂಡಿದ್ದ, ಅದೂ ನನ್ನ ಸಲುವಾಗಿ. ಇಷ್ಟು ವರ್ಷ ನಾನು ಅವನಿಗೆ ದಾರಿ ತೋರಿಸುತ್ತಿದ್ದೇನೆ ಎಂದುಕೊಂಡಿದ್ದೆ. ಈಗ ಸ್ಟೇರಿಂಗ್ ಕಿತ್ತು ಬಲಕ್ಕೆ ಹಾಕಿಸಿದರೆ ನಾನು ಧಾರಾಳವಾಗಿ ಓಡಿಸಬಹುದು. ಆದರೆ ಹೂಂ ಅನ್ನುವವನ ಸೀಟೇ ಇನ್ನು ಇರುವುದಿಲ್ಲ. ಹಾಕಿಸದಿದ್ದರೆ ಜೀವಮಾನವೆಲ್ಲ ಲಾರಿಗಳ ಬೆನ್ನು ಓದುತ್ತಿರಬೇಕು. ಆ ವಾರವೆಲ್ಲ ಇದೇ ಯೋಚನೆ, ಅಂಗಡಿ, ಮನೆ, ಶೆಡ್ಡು, ಮತ್ತೆ ಅಂಗಡಿ.

ಭಾನುವಾರ ಅತ್ತಿಗೆ ತವರಿಗೆ ಹೊರಟರು. ಅಣ್ಣ ಹೋದ ಮೇಲೆ ಅವರು ಹೊಸ್ತಿಲು ದಾಟಿರಲಿಲ್ಲ. ಅವರ ತಮ್ಮ ಅರೇಹಳ್ಳಿಯಿಂದ ಫೋನ್ ಮಾಡಿ ಮಾಡಿ ಸೋತಿದ್ದ. "ಬಸ್ಸಲ್ಲಿ ಹೋಗ್ತೀನಿ ಬಿಡಪ್ಪ" ಎಂದವರನ್ನು ಕಾರಿಗೇ ಹತ್ತಿಸಿದೆ. ಎಂದಿನಂತೆ ಹಿಂದೆ ಕೂತರು, ಮಡಿಲಲ್ಲಿ ಫ್ಲಾಸ್ಕು. ಊರು ಬಿಟ್ಟ ಕೂಡಲೇ ಮುಂದೊಂದು ತೆಂಗಿನಕಾಯಿ ಲಾರಿ ಸಿಕ್ಕಿತು.

ಜಾವಗಲ್ ಹತ್ತಿರವಾದಾಗ ಅತ್ತಿಗೆ ಕೇಳಿದರು.

"ಮಹೇಶ, ಇದು ನಾವು ಊರು ಬಿಟ್ಟಾಗ ಸಿಕ್ಕಿದ್ದ ಲಾರೀನೇ ಅಲ್ವೇನೋ?"

"ಹೂಂ."

"ಅದರ ಹಿಂದೆ ಬರ್ದಿರೋದೆಲ್ಲ ನಂಗೆ ಬಾಯಿಪಾಠ ಆಯ್ತು. ನಿಮ್ಮಣ್ಣ ಆಗಿದ್ರೆ ಇಷ್ಟೊತ್ತಿಗೆ ಬೇಲೂರಲ್ಲಿ ಕಾಫಿ ಕುಡೀತಿದ್ರು."

"ಮುಂದೇನು ಬರ್ತೈತೆ ಅಂತ ಕಾಣಲ್ಲ ಅತ್ತಿಗೆ, ಈ ಕಡೆಯಿಂದ."

"ನಿಲ್ಸು."

ನಿಲ್ಲಿಸಿದೆ. ಅವರು ಇಳಿದು ಬಂದು ಮುಂದಿನ ಬಲಗಡೆ ಬಾಗಿಲು ತೆರೆದರು. ಒಳಗಿದ್ದ ಚೀಲವನ್ನು ನೋಡಿದರು, ನನ್ನನ್ನು ನೋಡಿದರು.

"ಇದೇನೋ, ಕೊಬ್ರಿಗೂ ಬೆಲ್ಟ್ ಹಾಕಿದ್ದೀಯ?"

ಚೀಲ ಹಿಂದಕ್ಕೆ ಹೋಯಿತು, ಅತ್ತಿಗೆ ಮುಂದಕ್ಕೆ ಬಂದರು. ಹೂಂ, ಊಹೂಂಗಳ ಪದ್ಧತಿಯನ್ನು ವಿವರಿಸಿದೆ. ಅಷ್ಟೇನಾ ಎಂದರು. ಲಾರಿಯನ್ನು ಮತ್ತೆ ಹಿಡಿಯುವುದಕ್ಕೆ ಹೊತ್ತು ಬೇಕಾಗಲಿಲ್ಲ.

ಆದರೆ ಒಂದು ಶಬ್ದದಲ್ಲಿ ಮುಗಿಸುವ ಕಲೆ ಎಲ್ಲರಿಗೂ ಒಲಿಯುವುದಿಲ್ಲ. "ಒಂದು ಟೆಂಪೋ ಬರ್ತೈತೆ. ಅದ್ರಲ್ಲಿ ಎಮ್ಮೆ ಐತೆ. ಪಾಪ, ಬಿಸಿಲಲ್ಲಿ ನಿಲ್ಸಿದ್ದಾರೆ. ಹಾಂ, ಹೋಯ್ತು. ಈಗ ಖಾಲಿ ಐತೆ ಕಣಪ್ಪ, ಆದ್ರೆ ದೂರದಲ್ಲಿ ಒಂದು ಬೈಕು, ಹಿಂದೆ ಹೆಂಡ್ತಿ ಕೂತವ್ಳೆ, ಕೆಂಪು ಸೀರೆ." ಸೀರೆಯ ಬಣ್ಣ ತಿಳಿಯುವಷ್ಟರಲ್ಲಿ ರಸ್ತೆಯಲ್ಲಿ ಮತ್ತೇನಾದರೂ ಬಂದಿರುತ್ತಿತ್ತು. ಇಷ್ಟು ದಿನ ಮನೆಯಲ್ಲಿ ತುಟಿ ಬಿಚ್ಚದಿದ್ದವರು ರಸ್ತೆ ನೋಡುತ್ತ ನೋಡುತ್ತ ಮಾತಿಗೆ ಬಿದ್ದಿದ್ದರು. ಲಾರಿ ಮುಂದೆ ಇರುವುದೇ ಒಳ್ಳೆಯದು ಎಂದು ನನಗೆ ಒಂದು ಕ್ಷಣ ಅನ್ನಿಸಿತು.

ಹಳೇಬೀಡು ಇನ್ನೂ ಸ್ವಲ್ಪ ದೂರವಿದೆ ಎನ್ನುವಾಗ ನೇರವಾದ ರಸ್ತೆ ಸಿಕ್ಕಿತು. ಅತ್ತಿಗೆ ಕತ್ತು ಚಾಚಿದರು. ಮಾತು ನಿಂತಿತು. ಆಮೇಲೆ, "ಹೂಂ, ಹೋಗೋ" ಎಂದರು.

ಕಾಲು ತಾನಾಗಿ ಒತ್ತಿತು. ಕಾರು ಒಮ್ಮೆ ಹಿಂದಕ್ಕೆ ಕೂತಂತಾಗಿ ಮುಂದಕ್ಕೆ ನೆಗೆಯಿತು. ಲಾರಿಯ ಹಿಂದಿನ ಚಕ್ರ, ತೆಂಗಿನಕಾಯಿಯ ರಾಶಿ, ಮುಂದಿನ ಚಕ್ರ, ಕ್ಲೀನರ್‌ನ ಕೇಕೆ ಎಲ್ಲ ಪಕ್ಕದಲ್ಲಿ ಸರಿದುಹೋದವು. ಎಡಕ್ಕೆ ಬಂದಾಗ ಮುಂದೆ ರಸ್ತೆ ಪೂರ್ತಿ ಬಯಲಾಗಿತ್ತು. ಎಷ್ಟೋ ದಿನಗಳ ಮೇಲೆ ನನ್ನ ಬೆನ್ನು ಸೀಟಿಗೆ ತಾಗಿ ನಿಂತದ್ದು ಗೊತ್ತಾಯಿತು.

ಅತ್ತಿಗೆಯ ಕಡೆ ನೋಡಿದೆ. ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಫ್ಲಾಸ್ಕನ್ನು ಎದೆಗೆ ಅವುಚಿಕೊಂಡು ಕೂತಿದ್ದರು.

"ಅತ್ತಿಗೆ, ಎದುರಿಗೆ ಏನೂ ಇಲ್ಲ ಅಂತ ನೋಡಿ ತಾನೇ ಹೇಳಿದ್ದು?"

"ನೋಡಿದಾಗ ಇರ್ಲಿಲ್ಲ ಕಣಪ್ಪ," ಎಂದರು, ಕಣ್ಣು ತೆರೆಯದೆ. "ಆಮೇಲಿಂದು ನಂಗೇನು ಗೊತ್ತು?"

ಯೋಚಿಸಿದರೆ ನಾನು ಅಣ್ಣನಿಗೆ ಹೇಳುತ್ತಿದ್ದದ್ದೂ ಅಷ್ಟೇ ಆಗಿತ್ತು. ನೋಡಿದಾಗ ಏನೂ ಇಲ್ಲ ಎಂದು. ಆಮೇಲಿನದು ಆ ಸೀಟಿನಲ್ಲಿ ಕೂತ ಯಾರಿಗೂ ಕಾಣುವುದಿಲ್ಲ. ಅಷ್ಟನ್ನೇ ನಂಬಿಕೊಂಡು ಅವನು ಒಂದು ಸಲವೂ ತಿರುಗಿ ಕೇಳದೆ ಹೋಗುತ್ತಿದ್ದ, ಜೊತೆಯಲ್ಲಿ ನಾನೂ ಹೋಗುತ್ತಿದ್ದೆ.

ಬೇಲೂರಿನಲ್ಲಿ ಕಾಫಿಗೆ ನಿಲ್ಲಿಸಿ ನಾಗರಾಜನಿಗೆ ಫೋನ್ ಮಾಡಿದೆ. ಸೋಮವಾರ ಗಾಡಿ ತರುವುದಿಲ್ಲ, ಸ್ಟೇರಿಂಗ್ ಇದ್ದಲ್ಲೇ ಇರಲಿ ಎಂದೆ. "ಓವರ್‌ಟೇಕ್ ಹೆಂಗೆ ಮಾಡ್ತೀರ ಮತ್ತೆ?" ಎಂದ. ಕಾರಿನ ಕಡೆ ನೋಡಿದೆ. ಅತ್ತಿಗೆ ಬಲಗಡೆ ಸೀಟಿನಲ್ಲೇ ಕೂತು, ಹೊರಗೆ ಕುತೂಹಲದಿಂದ ನಿಂತವರಿಗೆ, ಗಾಡಿ ಓಡಿಸೋರು ಕಾಫಿಗೆ ಹೋಗಿದ್ದಾರೆ ಎಂದು ಹೇಳುತ್ತಿದ್ದರು. ಯಾರೂ ನಂಬಿದಂತೆ ಕಾಣಲಿಲ್ಲ.