ಟೈಲರನ ಕೈಯ ಗುಳ್ಳೆ

ಲೇಸರಿಗೆ ಒಂದು ಸಲಕ್ಕೆ ಎರಡು ಸಾವಿರ ಕೇಳಿದ್ದರು. ಚೌಕಾಸಿ ಮಾಡಿ ಒಂದೂವರೆಗೆ ಇಳಿಸಿದವನು ನಾನು. ಕೊಪ್ಪದಲ್ಲಿ ನನ್ನ ಅಂಗಡಿಯ ಪಕ್ಕದಲ್ಲಿದ್ದ ಟೈಲರ್ ತನ್ನ ಮುಂಗೈಯ ಹಚ್ಚೆ ತೆಗೆಸಲೇಬೇಕಿತ್ತು. ಅಲ್ಲಿದ್ದದ್ದು ಹೆಂಡತಿಯ ಹೆಸರಲ್ಲ. ಒಂದನೇ ಕ್ಲಾಸಿನ ಮಗಳು ಆಗಲೇ ಬಸ್ಸಿನ ಬೋರ್ಡು ಓದಲು ಶುರುಮಾಡಿದ್ದಳು.

ಚಿಂತೆಯಾದಾಗ ಆತ ಕೊರಳಲ್ಲಿದ್ದ ಅಳತೆ ಟೇಪನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದ. ಮಾತು ಮುಗಿಯುತ್ತಿದ್ದದ್ದು “ಏನೂ ಆಗಲ್ಲ ಅಲ್ವಾ?” ಎಂದೇ. ಲೇಸರಿಗೆ ಮೊದಲು ಬಿಸಿಲು ತಾಗಿಸಬೇಡಿ ಎಂದು ಡಾಕ್ಟರು ಹೇಳಿದ್ದಕ್ಕೆ ತಿಂಗಳಿಡೀ ತುಂಬುತೋಳಿನ ಶರ್ಟು ತೊಟ್ಟ.

ಶಿವಮೊಗ್ಗದಲ್ಲಿ ಲೇಸರ್ ಮಾಡಿಸಿ ಬಂದ ಮರುದಿನ ಹಚ್ಚೆಯ ಜಾಗದಲ್ಲಿ ಗುಳ್ಳೆ ಎದ್ದಿತು. ನಾನು ಹೋದಾಗ ಆತ ಹೊಲಿಗೆ ಸೂಜಿಯನ್ನು ಬೆಂಕಿಕಡ್ಡಿಯಲ್ಲಿ ಕಾಯಿಸುತ್ತಿದ್ದ.

“ಒಳಗೆ ಬರೀ ನೀರು ಮಾರಾಯ್ರೆ. ಒಂದು ಚುಚ್ಚಿದ್ರೆ ಸಾಕು. ಏನೂ ಆಗಲ್ಲ ಅಲ್ವಾ?”

“ನಂಜಾದ್ರೆ ಕತ್ತರಿ ಹಿಡಿಯೋ ಕೈ ಮಾರಾಯ. ಮೊದಲು ಡಾಕ್ಟರಿಗೆ ಫೋನ್ ಮಾಡು.”

“ಇಷ್ಟಕ್ಕೆಲ್ಲ ಮಾಡಿದ್ರೆ ಬೈತಾರೇನೋ.”

“ಬೈಸ್ಕೊ. ಅದಕ್ಕೆ ಬೇರೆ ಚಾರ್ಜ್ ಇಲ್ಲ.”

ಗುಳ್ಳೆ ಒಡೆಯಬೇಡಿ, ಕೊಟ್ಟ ಮುಲಾಮು ಹಚ್ಚಿ ಬ್ಯಾಂಡೇಜು ಸಡಿಲವಾಗಿ ಸುತ್ತಿ ಎಂದರು ಡಾಕ್ಟರು. ಫೋನಿಟ್ಟ ಮೇಲೂ ಸೂಜಿ ಆತನ ಬೆರಳುಗಳ ನಡುವೆಯೇ ಇತ್ತು. ನಾನೇ ಕಿತ್ತುಕೊಂಡೆ. ನಾಲ್ಕು ದಿನ ದಿನಕ್ಕೆ ಹತ್ತು ಸಲ ಬಂದು ಕೈ ತೋರಿಸಿದ. ಐದನೇ ದಿನ ಗುಳ್ಳೆ ತಾನಾಗಿ ಇಳಿಯಿತು.

ನೀವೂ ಹಚ್ಚೆ ತೆಗೆಸುವುದಾದರೆ ಗುಳ್ಳೆ ಒಡೆಯಬೇಡಿ, ಹಕ್ಕಳೆ ಕೀಳಬೇಡಿ, ವಾಸಿಯಾಗುವವರೆಗೂ ಬಿಸಿಲಿಗೆ ಒಡ್ಡಬೇಡಿ. ಆಸ್ಪತ್ರೆಯಿಂದ ಹೊರಡುವ ಮೊದಲೇ ಡಾಕ್ಟರ ಫೋನ್ ನಂಬರ್ ಬರೆದುಕೊಳ್ಳಿ. ಗುಳ್ಳೆ ಏಳುವುದು ಮನೆಗೆ ಬಂದ ಮೇಲೆ.