ಬಿಸಿಲಿಗೆ ಹಾಕಿದ ಚಹಾ

ಆ ಅಡುಗೆಯವನ ನೌಕರಿ ಹೋದದ್ದು ನನ್ನಿಂದ. ಇದನ್ನು ಇಷ್ಟು ವರ್ಷ ಮನೆಯಲ್ಲೂ ಹೇಳಿಲ್ಲ.

ನಿಜಾಮರ ಕಾಲ. ಹೈಸ್ಕೂಲು ಮುಗಿಸಿ ಕಲಬುರಗಿಯ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದೆ, ಇನ್ನೂ ಕಾಯಂ ಆಗಿರಲಿಲ್ಲ. ಸಾಹೇಬರು ಕಮಲಾಪುರಕ್ಕೆ ತಪಾಸಣೆಯ ದೌರೆ ಹೊರಟಾಗ ಅವರ ಪೆಟ್ಟಿಗೆ ಜೋಡಿಸುವ ಕೆಲಸ ನನಗೆ ಬಂತು. ಅದರಲ್ಲಿ ಚೀನಾದ ಊಲಾಂಗ್ ಚಹಾದ ತಗಡಿನ ಡಬ್ಬಿಯೊಂದಿತ್ತು. ಮುಂಬಯಿಯ ಗೆಳೆಯರು ಕಳಿಸಿದ್ದು, ಜೋಪಾನವೆಂದು ಸಾಹೇಬರು ಎರಡು ಸಲ ಹೇಳಿದ್ದರು. ನನ್ನ ಹೆಂಡತಿ ಆಗ ಕಮಲಾಪುರದ ತವರಿನಲ್ಲಿದ್ದಳು. ಅವಳಿಗೆಂದು ಕೊಂಡ ಅತ್ತರಿನ ಶೀಶೆ ಹಾದಿಯಲ್ಲಿ ಒಡೆಯದಿರಲೆಂದು, ಅದನ್ನೂ ಸಾಹೇಬರ ಶಾಲುಗಳ ನಡುವೆ, ಡಬ್ಬಿಯ ಪಕ್ಕಕ್ಕೇ ಸಿಕ್ಕಿಸಿದೆ.

"ಮುನ್ಶಿಯವರ, ಅತ್ತಿ ಊರು ಬಂತಂತ ಮಾರಿ ಮ್ಯಾಲ ಭಾಳ ಕಳಿ ಬಂದದಲ್ರೀ!" ಎಂದು ಸಾಹೇಬರ ಅಡುಗೆಯವನು ಕಮಲಾಪುರದ ಬಂಗಲೆಯಲ್ಲಿ ಸಾಮಾನು ಇಳಿಸುತ್ತ ಚೇಷ್ಟೆ ಮಾಡಿದ.

ಮರುದಿನ ಸಾಹೇಬರು ಹೊಲಗಳ ತಪಾಸಣೆಗೆ ಹೋದ ಮೇಲೆ, ಪೆಟ್ಟಿಗೆಯಿಂದ ಶೀಶೆ ತೆಗೆದುಕೊಳ್ಳುವಾಗ, ಕುತೂಹಲಕ್ಕೆ ಡಬ್ಬಿ ತೆರೆದೆ. ಗಪ್ಪನೆ ಹೂವಿನ ವಾಸನೆ ಬಡಿಯಿತು. ನಾನು ಕಂಡ ಚಹಾ ಎಂದರೆ ಸ್ಟೇಷನ್ನಿನ ಹತ್ತಿರ ಹಾಲಿನಲ್ಲಿ ಕುದಿಯುತ್ತಿದ್ದ ಕಪ್ಪು ಪುಡಿ. ಚಹಾಕ್ಕೆ ಹೂವಿನ ವಾಸನೆ ಹೇಗೆ ಬಂದೀತು? ಅತ್ತರಿನ ಬಿರಡೆ ಮುಟ್ಟಿದೆ, ಜಿಡ್ಡಾಗಿತ್ತು. ಸೋರಿ ಎಲೆಗೆ ಹತ್ತಿದೆ ಎಂದುಕೊಂಡೆ.

ಮುಗ್ಗಲು ಹಿಡಿದ ತೊಗರಿಬೇಳೆಯನ್ನು ನಮ್ಮವ್ವ ಬಿಸಿಲಿಗೆ ಹಾಕುತ್ತಿದ್ದಳು. ನನಗೆ ಹೊಳೆದದ್ದು ಅದೊಂದೇ. ಮಾಳಿಗೆಯ ಮೇಲೆ ಧೋತರ ಹಾಸಿ ಎಲೆಗಳನ್ನು ಹರವಿದೆ. ಸಾಹೇಬರ ಕುದುರೆ ಬರುವ ಸಪ್ಪಳಕ್ಕೆ ಕಿವಿಗೊಟ್ಟು, ಗಳಿಗೆಗೊಮ್ಮೆ ಕೈಯಾಡಿಸಿ ಮೂಸುತ್ತ ಕೂತೆ. ಮಧ್ಯಾಹ್ನದ ಹೊತ್ತಿಗೆ ವಾಸನೆ ಹೋಯಿತು. ತಿರುಗಿ ತುಂಬಿಟ್ಟೆ.

ಸಂಜೆ ಸಾಹೇಬರು ಒಂದು ಗುಟುಕು ಕುಡಿದು ಬಟ್ಟಲು ಇಟ್ಟರು.

"ಅರೆ, ಇದರ ಖುಶ್ಬೂ ಎಲ್ಲಿ ಹೋತು? ಹುಲ್ಲಿನ ನೀರು ಕುಡಿದಂಗ ಆಗ್ತದ."

"ನೀವು ಹೇಳಿದಂಗೇ ಮಾಡೀನಿ ಸರಕಾರ್," ಎಂದ ಅಡುಗೆಯವನು.

ಸಾಹೇಬರು ನನ್ನತ್ತ ನೋಡಿದರು.

"ಕುದಿಸಿಬಿಟ್ಟಾನ ಅನಸ್ತದ್ರೀ," ಎಂದೆ.

ಡಬ್ಬಿಯ ತಳದ ಕಾಗದದಡಿ, ಬಿಸಿಲು ಕಾಣದ ನಾಲ್ಕು ಚಿಟಿಕೆ ಎಲೆ ಸಿಕ್ಕಿಕೊಂಡು ಉಳಿದಿತ್ತು. ಮುಂದೆ ಬರುವ ಅಡುಗೆಯವನಿಗೆ ನಾನು ಕಲಿಸಲು ಬರಲೆಂದು ಸಾಹೇಬರು ನನ್ನೆದುರೇ ಅದನ್ನು ಮಾಡಿದರು. ಕುದಿ ಇಳಿದ ನೀರು ಹೊಯ್ದು ತಕ್ಷಣ ಚೆಲ್ಲಿದರು. ಎರಡನೆಯ ನೀರಿಗೆ ಮುಚ್ಚಳ ಮುಚ್ಚಿ ಹತ್ತು ಉಸಿರು ಕಾದರು. ಉಂಡೆಯಾಗಿದ್ದ ಎಲೆಗಳು ಅಗಲವಾಗಿ ಬಿಚ್ಚಿಕೊಂಡವು. ಹಾಲಿಲ್ಲ, ಸಕ್ಕರೆಯಿಲ್ಲ, ತೆಳು ಹೊಂಬಣ್ಣ. ನನಗೂ ಒಂದು ಗುಟುಕು ಕೊಟ್ಟರು. ನಾಲಗೆಗೆ ತುಸು ಒಗರು. ನುಂಗಿದ ಮೇಲೆ ಗಂಟಲಿನಿಂದ ಮೇಲಕ್ಕೆ ಕಂಪು ಏರಿತು, ಚೈತ್ರದಲ್ಲಿ ಹೂಬಿಟ್ಟ ಬೇವಿನ ಕೆಳಗೆ ನಿಂತ ಹಾಗೆ. ಅದು ಅತ್ತರಲ್ಲ. ಎಲೆಯದೇ ಕಂಪು.

ಅಡುಗೆಯವನು ನನ್ನ ಮುಖವನ್ನೇ ನೋಡುತ್ತಿದ್ದ. "ಛಲೋ ಅದರೀ," ಎಂದೆ, ಅಷ್ಟೇ.

"ಇನ್ನ ಮೂರು ದಿನ ದೌರೆ ಅದ. ಆಮ್ಯಾಲ ನೀ ಬರಬ್ಯಾಡ," ಎಂದು ಸಾಹೇಬರು ಅವನಿಗೆ ಹೇಳಿದರು.

ರಾತ್ರಿ ಅತ್ತರಿನ ಶೀಶೆ ನೋಡಿದೆ. ಕಂಠದವರೆಗೆ ತುಂಬಿತ್ತು. ಮೂರು ದಿನ ಅನ್ನ ಸೇರಲಿಲ್ಲ. ಸಾಹೇಬರ ಕೋಣೆಯ ಬಾಗಿಲವರೆಗೆ ಹೋಗುವುದು, ಕಾಯಂ ಆಗದ ನೌಕರಿ ನೆನೆದು ತಿರುಗಿ ಬರುವುದು. ನಾಲ್ಕನೆಯ ದಿನ ಬಂಡಿಗಳು ಕಲಬುರಗಿಗೆ ಹೊರಟವು. ಅವನು ಹತ್ತಲಿಲ್ಲ.

ಎಷ್ಟೋ ವರ್ಷದ ಮೇಲೆ ಕಮಲಾಪುರದ ಹಾದಿಬದಿಯಲ್ಲಿ ಅವನು ಕೆಂಪು ಬಾಳೆಹಣ್ಣು ಮಾರುತ್ತ ಕೂತಿದ್ದ. ಗುರುತು ಹಿಡಿದು ಒಂದು ಹಣ್ಣು ಕೊಟ್ಟ.

"ಅವತ್ತಿನ ಚಹಾ..." ಎಂದೆ.

"ಗೊತ್ತದ ಬಿಡ್ರಿ. ಮಾಳಿಗಿ ಮ್ಯಾಲ ನಿಮ್ಮ ಧೋತರ ನೋಡಿದ್ದೆ."

"ಮತ್ಯಾಕ ಹೇಳಲಿಲ್ಲ?"

"ನೀವು ಹೇಳ್ತೀರಿ ಅಂತ ಹಾದಿ ನೋಡಿದೆ. ಮೂರು ದಿನ ನನ್ನ ಸಾಮಾನಿನ ಗಂಟೇ ಕಟ್ಟಲಿಲ್ಲ."

ಅಷ್ಟರಲ್ಲಿ ಗಿರಾಕಿ ಬಂದಳು. "ಬರ್ರೀ ಅಕ್ಕಾರ, ಶಕ್ಕರಿ ಹಂಗ ಅವ!" ಎಂದು ಅತ್ತ ತಿರುಗಿದ. ಅವಳು ಹೋಗುವ ತನಕ ಕಾದಿದ್ದರೆ ತಪ್ಪಾಯಿತೆಂದು ಹೇಳಬಹುದಿತ್ತು. ನಾನು ಕಾಯಲಿಲ್ಲ.